ಹಬ್ಬಗಳ ಪಂಚಾಂಗ, ವರ್ತಕರ ಕಿರ್ದಿ

ನಮ್ಮ ಹಿರಿಯ ವರ್ತಕರು ಹೊಸ ಕಿರ್ದಿ ಪುಸ್ತಕವನ್ನು ದೀಪಾವಳಿಯ ಪಾಡ್ಯದಂದು ಅರಿಶಿನ ಕುಂಕುಮ ಹಚ್ಚಿ ತೆರೆಯುತ್ತಿದ್ದರು. ಆದಾಯ ತೆರಿಗೆಯ ಸಲುವಾಗಿ ಎಲ್ಲರಿಗೂ ಏಪ್ರಿಲ್ 1ರಿಂದ ಆರಂಭವಾಗುವ ಏಕರೂಪದ ವರ್ಷವು 1989ರಲ್ಲಿ ಜಾರಿಗೆ ಬಂದ ಮೇಲೆ ಆ ಪೂಜೆಯು ಬಹುಮಟ್ಟಿಗೆ ಸಂಪ್ರದಾಯವಾಗಿ ಮಾತ್ರ ಉಳಿಯಿತು. ಆದರೆ ಸರಕು ಕೊಳ್ಳುವವನು ಏಪ್ರಿಲ್ 1ನ್ನು ನೋಡಿ ಕೊಳ್ಳುವುದಿಲ್ಲ. ಅವನು ಯುಗಾದಿಗೆ ಬಟ್ಟೆ ಕೊಳ್ಳುತ್ತಾನೆ, ರಂಜಾನ್‌ಗೆ ಖರ್ಜೂರ ಕೊಳ್ಳುತ್ತಾನೆ, ಕ್ರಿಸ್ಮಸ್‌ಗೆ ಕೇಕು ಕೊಳ್ಳುತ್ತಾನೆ. ಕಾನೂನಿನ ವರ್ಷ ಒಂದೇ. ಗಿರಾಕಿಯ ವರ್ಷಗಳು ಹಲವು. ಈ ಎರಡನ್ನೂ ಹೊಂದಿಸಿಕೊಳ್ಳಲಾರದ ಸಣ್ಣ ಉದ್ಯಮಿಯು ಹೇಗೆ ನಷ್ಟಕ್ಕೆ ಗುರಿಯಾಗುತ್ತಾನೆಂಬುದನ್ನು ನನ್ನದೇ ಅನುಭವದಿಂದ ಆರಂಭಿಸಿ ಹೇಳಬಯಸುತ್ತೇನೆ.

ನನ್ನದು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ. ವರಮಹಾಲಕ್ಷ್ಮಿ ವ್ರತಕ್ಕೆ ಸೀರೆ ಪೆಟ್ಟಿಗೆ, ಗಣೇಶ ಚತುರ್ಥಿ ಮತ್ತು ದೀಪಾವಳಿಗೆ ಸಿಹಿತಿಂಡಿಯ ಪೆಟ್ಟಿಗೆ, ರಂಜಾನ್‌ಗೆ ಖರ್ಜೂರ ಹಾಗೂ ಒಣಹಣ್ಣಿನ ಪೆಟ್ಟಿಗೆ, ಡಿಸೆಂಬರ್‌ನಲ್ಲಿ ಕೇಕಿನ ಪೆಟ್ಟಿಗೆ, ಮಂಗಳೂರಿನ ಕಡೆಯ ಬೇಕರಿಗಳಿಗೆ ಕುಸ್ವಾರ್ ಪೆಟ್ಟಿಗೆ. ವರ್ಷವಿಡೀ ಇಷ್ಟೇ ಕೆಲಸ. 2023ರ ಆರಂಭದಲ್ಲಿ ನಾನು ಹಿಂದಿನ ವರ್ಷದ ಆರ್ಡರ್ ಪುಸ್ತಕವನ್ನು ಮುಂದಿಟ್ಟುಕೊಂಡು ಉತ್ಪಾದನೆಯ ಯೋಜನೆ ಹಾಕಿದೆ. 2022ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 31ರಂದು ಬಂದಿತ್ತು. ಚಾಂದ್ರಮಾನದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆಂಬುದು ನನಗೆ ತಿಳಿದಿದ್ದುದರಿಂದ, ಆಗಸ್ಟ್ ಮೂರನೆಯ ವಾರಕ್ಕೆಲ್ಲ ಮಾಲು ಸಿದ್ಧವಿರಬೇಕೆಂದು ಜುಲೈಯಲ್ಲಿಯೇ ಹತ್ತು ಮಂದಿ ಹಂಗಾಮಿ ಕೆಲಸಗಾರರನ್ನು ಕರೆದುಕೊಂಡೆ. ಆ ವರ್ಷ ಅಧಿಕ ಶ್ರಾವಣ ಮಾಸವಿತ್ತು. ಹಬ್ಬವು ಹಿಂದಕ್ಕೆ ಬರುವ ಬದಲು ಸೆಪ್ಟೆಂಬರ್ 18ಕ್ಕೆ ಹೋಯಿತು.

ಮಾಲು ಸಿದ್ಧವಾಯಿತು, ಎತ್ತುವವರಿಲ್ಲ. ಸುಮಾರು 20 ಲಕ್ಷ ರೂ. ಬೆಲೆಯ ಪೆಟ್ಟಿಗೆಗಳು ಒಂದು ತಿಂಗಳು ಗೋದಾಮಿನಲ್ಲಿ ಕುಳಿತವು. ಶೇ. 12ರ ಬಡ್ಡಿಯಂತೆ ತಿಂಗಳಿಗೆ 20,000 ರೂ. ಬ್ಯಾಂಕಿಗೆ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಕೂಲಿಯದು. ಮತ್ತೆ ಸಿಗಲಾರರೆಂದು ಹಂಗಾಮಿ ಕೆಲಸಗಾರರನ್ನು ಬಿಡಲಾರದೆ, ಅರೆಕೆಲಸ ಕೊಟ್ಟು 15 ದಿನ ಉಳಿಸಿಕೊಂಡೆ. ಹತ್ತು ಜನಕ್ಕೆ ದಿನಕ್ಕೆ 500 ರೂ.ನಂತೆ 75,000 ರೂ. ಕೊಟ್ಟುದಾಯಿತು. ಮಳೆಗಾಲದ ತೇವಕ್ಕೆ ಕೆಳಗಿನ ಸಾಲಿನ ಪೆಟ್ಟಿಗೆಗಳ ಅಂಟು ಬಿಟ್ಟು ಹೋದ ನಷ್ಟ ಬೇರೆ. ಈ ತಪ್ಪಿಗೆ ನಾನು ಯಾರನ್ನೂ ದೂರುವಂತಿರಲಿಲ್ಲ. ಪಂಚಾಂಗ ನಮ್ಮ ಮನೆಯ ದೇವರ ಗೂಡಿನಲ್ಲಿತ್ತು; ಕಾರ್ಖಾನೆಯ ಮೇಜಿನ ಮೇಲೆ ಇರಲಿಲ್ಲ.

ದೇಶವೊಂದು, ಪಂಚಾಂಗ ಹಲವು

ಭಾರತದಲ್ಲಿ ವ್ಯಾಪಾರ ಮಾಡುವವನು ಕನಿಷ್ಠ ಮೂರು ನಾಲ್ಕು ಕಾಲಗಣನೆಗಳನ್ನು ಏಕಕಾಲಕ್ಕೆ ಗಮನಿಸಬೇಕಾಗುತ್ತದೆ. ಈ ಗೋಜಲನ್ನು ಬಿಡಿಸಲೆಂದೇ ಕೇಂದ್ರ ಸರ್ಕಾರವು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಶಕವರ್ಷದ ರಾಷ್ಟ್ರೀಯ ಪಂಚಾಂಗವು ಅಂಗೀಕಾರಗೊಂಡಿತು. ಆಕಾಶವಾಣಿಯಲ್ಲಿಯೂ ರಾಜ್ಯಪತ್ರದಲ್ಲಿಯೂ ಅದು ಬಳಕೆಗೆ ಬಂದರೂ, ಹಬ್ಬಗಳನ್ನು ಜನರು ತಂತಮ್ಮ ಸಂಪ್ರದಾಯದ ಪಂಚಾಂಗದಂತೆಯೇ ಆಚರಿಸುತ್ತ ಬಂದಿದ್ದಾರೆ.

ವರ್ತಕರಿಗೆ ಬೇಕಾದಷ್ಟು ತಿಳಿವಳಿಕೆ ಕಠಿಣವಾದುದೇನಲ್ಲ. ಚಾಂದ್ರ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ 365 ದಿನ. ನಡುವಿನ 11 ದಿನಗಳ ಅಂತರವನ್ನು ಹಿಂದೂ ಪಂಚಾಂಗವು ಸುಮಾರು ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸವನ್ನು ಸೇರಿಸಿ ಸರಿದೂಗಿಸುತ್ತದೆ. ಆದ್ದರಿಂದ ಹಬ್ಬಗಳು ಒಂದೆರಡು ವರ್ಷ ಹಿಂದಕ್ಕೆ ಸರಿದು, ಮತ್ತೆ ಒಮ್ಮೆಲೇ 18-19 ದಿನ ಮುಂದಕ್ಕೆ ಜಿಗಿಯುತ್ತವೆ. ಗಣೇಶ ಚತುರ್ಥಿಯನ್ನೇ ನೋಡಿರಿ: 2021ರಲ್ಲಿ ಸೆಪ್ಟೆಂಬರ್ 10, 2022ರಲ್ಲಿ ಆಗಸ್ಟ್ 31, 2023ರಲ್ಲಿ ಸೆಪ್ಟೆಂಬರ್ 18, 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ ಮಾಸವಿರುವುದರಿಂದ ಮತ್ತೆ ಸೆಪ್ಟೆಂಬರ್ 14. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶಗಳೂ ಬಹುಮಟ್ಟಿಗೆ ನಿಲ್ಲುವುದರಿಂದ ಜವಳಿ, ಪಾತ್ರೆ, ಚಿನ್ನಬೆಳ್ಳಿ ಹಾಗೂ ಛತ್ರಗಳ ವ್ಯವಹಾರವೂ ಆ ತಿಂಗಳು ಮಂದವಾಗುತ್ತದೆ. ಆಷಾಢದ ಮಂದಗತಿಯನ್ನು ನಮ್ಮ ಜವಳಿ ವರ್ತಕರು ‘ಆಷಾಢ ರಿಯಾಯಿತಿ’ಯಿಂದ ಜಾಣತನದಿಂದ ಎದುರಿಸಿದ್ದಾರೆ, ಅಧಿಕ ಮಾಸಕ್ಕೆ ಅಂತಹ ಉಪಾಯವನ್ನು ಇನ್ನೂ ಕಂಡುಕೊಂಡಿಲ್ಲ.

ಇಸ್ಲಾಮೀ ಹಿಜರಿ ಗಣನೆಯಲ್ಲಿ ಅಧಿಕ ಮಾಸವಿಲ್ಲ. ಆದಕಾರಣ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2004ರಿಂದ 2006ರವರೆಗೆ ದೀಪಾವಳಿ ಮತ್ತು ಈದುಲ್ ಫಿತ್ರ್ ಕೆಲವೇ ದಿನಗಳ ಅಂತರದಲ್ಲಿ ಬಂದು, ಬಟ್ಟೆ ಹಾಗೂ ಪಾದರಕ್ಷೆಯ ಮಾರುಕಟ್ಟೆಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿದುದನ್ನು ಹಿರಿಯ ಸದಸ್ಯರು ನೆನಪಿಸಿಕೊಳ್ಳಬಹುದು. 2023ರಲ್ಲಿ ಈದ್ ಏಪ್ರಿಲ್ 22ರಂದು, 2025ರಲ್ಲಿ ಮಾರ್ಚ್ 31ರಂದು ಬಂದಿತು. 2030ರಲ್ಲಿ ಒಂದೇ ವರ್ಷದೊಳಗೆ ಎರಡು ಸಲ, ಜನವರಿಯ ಮೊದಲ ವಾರದಲ್ಲೊಮ್ಮೆ ಮತ್ತು ಡಿಸೆಂಬರ್ ಕೊನೆಯ ವಾರದಲ್ಲೊಮ್ಮೆ, ರಂಜಾನ್ ಮಾಸವು ಆರಂಭವಾಗಲಿದೆ. ಬೇಕರಿ, ಒಣಹಣ್ಣು, ಪ್ಯಾಕಿಂಗ್ ಸಾಮಗ್ರಿಯವರಿಗೆ ಕ್ರಿಸ್ಮಸ್, ಹೊಸ ವರ್ಷ, ರಂಜಾನ್ ಮೂರೂ ಒಂದರ ಬೆನ್ನಿಗೆ ಒಂದು ಬರುವ ಕಾಲವದು. ಬೇಸಿಗೆಯ ರಂಜಾನ್‌ನಲ್ಲಿ ಶರಬತ್ತು ಮಾರಿದವರು ಚಳಿಗಾಲದ ರಂಜಾನ್‌ಗೆ ಬೇರೆ ಸರಕನ್ನು ಈಗಲೇ ಯೋಚಿಸಿಕೊಳ್ಳುವುದು ಒಳಿತು.

ಒಂದೇ ರಾಜ್ಯದೊಳಗೂ ದಿನಗಳು ಬೇರೆಯಾಗುವುದುಂಟು. 2024ರಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಏಪ್ರಿಲ್ 10ರಂದು ಈದ್ ಆಚರಿಸಲಾಯಿತು. ರಾಜ್ಯದ ಇತರೆಡೆ ಏಪ್ರಿಲ್ 11ರಂದು. ಯುಗಾದಿಯೂ ಹೀಗೆಯೇ. ಒಳನಾಡಿನಲ್ಲಿ ಚೈತ್ರ ಶುದ್ಧ ಪಾಡ್ಯಮಿಯ ಚಾಂದ್ರಮಾನ ಯುಗಾದಿಯಾದರೆ, ತುಳುನಾಡಿನಲ್ಲಿ ಏಪ್ರಿಲ್ ನಡುವಿನ ಸೌರಮಾನದ ಬಿಸು. ಮಾಲನ್ನು ಎಲ್ಲ ಜಿಲ್ಲೆಗಳಿಗೂ ಒಂದೇ ದಿನ ಲಾರಿಗೆ ಹಾಕುವವನು ಒಂದು ಕಡೆ ಬೇಗ ಮುಟ್ಟಿಸುತ್ತಾನೆ, ಇನ್ನೊಂದು ಕಡೆ ತಡಮಾಡುತ್ತಾನೆ.

ಒಂದು ಹಬ್ಬ, ಹಲವು ಕೈಗಳು

ಹಬ್ಬದ ವ್ಯಾಪಾರವು ಎಷ್ಟು ದೊಡ್ಡದೆಂಬುದಕ್ಕೆ ಕೋಲ್ಕತ್ತಾದ ದುರ್ಗಾಪೂಜೆ ಒಳ್ಳೆಯ ನಿದರ್ಶನ. ಬ್ರಿಟಿಷ್ ಕೌನ್ಸಿಲ್ ಮಾಡಿಸಿದ ಅಧ್ಯಯನವು 2019ರ ದುರ್ಗಾಪೂಜೆಯನ್ನು ಆಶ್ರಯಿಸಿದ ಸೃಜನಶೀಲ ಉದ್ಯಮಗಳ ವಹಿವಾಟನ್ನು 32,377 ಕೋಟಿ ರೂ. ಎಂದೂ, ಅದು ಪಶ್ಚಿಮ ಬಂಗಾಳದ ಒಟ್ಟು ಉತ್ಪನ್ನದ ಶೇ. 2.58ರಷ್ಟೆಂದೂ ಅಂದಾಜಿಸಿತು. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಉತ್ಸವವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಮಾರಟುಲಿಯ ಮೂರ್ತಿಕಾರರು, ಪೆಂಡಾಲು ಕಟ್ಟುವವರು, ದೀಪಾಲಂಕಾರದವರು, ನೇಕಾರರು, ಮಿಠಾಯಿಯವರು, ಇವರೆಲ್ಲರ ವರ್ಷದ ಗಳಿಕೆಯ ದೊಡ್ಡ ಪಾಲು ಕೆಲವೇ ದಿನಗಳಿಗೆ ಅಂಟಿಕೊಂಡಿದೆ.

ನಮ್ಮ ನಾಡಿನಲ್ಲಿಯೂ ಉತ್ಸವಕ್ಕೂ ಉದ್ಯಮಕ್ಕೂ ಇರುವ ನಂಟು ಹೊಸದಲ್ಲ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದ ದಸರೆಯು ಮುಂದೆ ಮೈಸೂರಿಗೆ ಬಂದಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ, ಹೊಸ ವಸ್ತುಗಳನ್ನೂ ತಯಾರಿಕೆಗಳನ್ನೂ ಜನರಿಗೆ ಪರಿಚಯಿಸಲೆಂದು ದಸರಾ ವಸ್ತುಪ್ರದರ್ಶನವು ಪ್ರಾರಂಭವಾಯಿತು. ಜಂಬೂಸವಾರಿ ನೋಡಲು ಬಂದ ರೈತನು ಅಲ್ಲಿ ಹೊಸ ಯಂತ್ರವನ್ನೂ ನೋಡಿ ಹೋಗಲೆಂಬುದು ಆ ದೂರದೃಷ್ಟಿ.

ಆದರೆ ನಾವು ಹೆಚ್ಚಾಗಿ ಗಮನಿಸದ ಸಂಗತಿ ಮತ್ತೊಂದಿದೆ. ಒಂದು ಸಮುದಾಯದ ಹಬ್ಬಕ್ಕೆ ಬೇಕಾದ ಸರಕನ್ನು ಆ ಸಮುದಾಯವೊಂದೇ ತಯಾರಿಸುವ ಉದಾಹರಣೆಗಳು ನಮ್ಮ ದೇಶದಲ್ಲಿ ತೀರ ಅಪರೂಪ.

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯನ್ನು ತೆಗೆದುಕೊಳ್ಳೋಣ. ಸುಮಾರು 800 ಹೂವಿನ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ; ದಿನದಿನವೂ ಅಟ್ಟೆಯ ಬೆಲೆ ನಿಗದಿಯಾಗುತ್ತದೆ. ಈ ಮಲ್ಲಿಗೆಯನ್ನು ಬೆಳೆಯುವವರಲ್ಲಿ ಕ್ರೈಸ್ತ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿವೆ. ಮುಡಿಯುವವರು ಎಲ್ಲರೂ: ದೇವಸ್ಥಾನಗಳ ಉತ್ಸವ, ನಾಗಾರಾಧನೆ, ಭೂತಕೋಲ, ಮದುವೆ. ಶ್ರಾವಣ, ಭಾದ್ರಪದಗಳಲ್ಲಿ ಅಟ್ಟೆಯ ದರ ಏರಿದರೆ ಇಗರ್ಜಿಗೆ ಹೋಗುವ ಮನೆಯ ಹೆಂಗಸಿನ ಕೈಗೆ ಕಾಸು ಸೇರುತ್ತದೆ.

ಗುಂಡ್ಲುಪೇಟೆಯ ಚೆಂಡು ಹೂವು ಮತ್ತು ತರಕಾರಿ ಓಣಂ ಹಬ್ಬಕ್ಕಾಗಿ ಗಡಿ ದಾಟಿ ಕೇರಳಕ್ಕೆ ಹೋಗುತ್ತವೆ. ಓಣಂ ನಮ್ಮ ಹಬ್ಬವಲ್ಲವೆಂದು ಚಾಮರಾಜನಗರ ಜಿಲ್ಲೆಯ ರೈತನು ಹೇಳಲಾರನು. ಅವನ ಬಿತ್ತನೆಯ ದಿನವನ್ನು ನಿರ್ಧರಿಸುವುದೇ ತಿರುವೋಣಂ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ತಿರುಗಣಿಯ ಮೇಲೆ ಕಡೆಯುವ ಕುಶಲಕರ್ಮಿಗಳಲ್ಲಿ ಅನೇಕರು ಮುಸ್ಲಿಮರು. ಆ ಗೊಂಬೆಗಳು ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳ ಮೆಟ್ಟಿಲೇರುತ್ತವೆ. ಉತ್ತರ ಪ್ರದೇಶದ ಫಿರೋಜಾಬಾದಿನ ಕುಲುಮೆಗಳ ಗಾಜಿನ ಬಳೆ, ಮೊರಾದಾಬಾದಿನ ಹಿತ್ತಾಳೆಯ ದೀಪ ಮತ್ತು ವಿಗ್ರಹ, ಬನಾರಸಿನ ರೇಷ್ಮೆ ಸೀರೆ, ಇವೆಲ್ಲವುಗಳ ಹಿಂದೆಯೂ ಮುಸ್ಲಿಂ ಕಸುಬುದಾರರ ದುಡಿಮೆಯಿದೆ.

ಇದರ ಮರುಮುಖವನ್ನೂ ನೋಡಬೇಕು. ಬಕ್ರೀದ್ ಸಮೀಪಿಸಿದಂತೆ ಬನ್ನೂರು ಕುರಿಗೂ, ಅಮೀನಗಡದಂತಹ ಸಂತೆಗಳಿಗೆ ಬರುವ ಟಗರಿಗೂ ಬೆಲೆ ಏರುತ್ತದೆ. ವರ್ಷವಿಡೀ ಹಿಂಡು ಮೇಯಿಸಿದ ಕುರುಬನು ಮಗಳ ಮದುವೆಯ ಸಾಲವನ್ನು ತೀರಿಸುವುದು ಈ ಸಂತೆಯ ಹಣದಿಂದ. ಹಬ್ಬದ ಮರುದಿನ ಸಂಗ್ರಹವಾಗುವ ತೊಗಲು ಆಂಬೂರು, ವಾಣಿಯಂಬಾಡಿ, ರಾಣಿಪೇಟೆಯ ಹದ ಮಾಡುವ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಎಲ್ಲ ಜಾತಿಮತದವರ ಕಾಲಿನ ಪಾದರಕ್ಷೆಯಾಗುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ಕ್ಕೆ ಮುಗಿಯುವ ಸಂತ ಮೇರಿಯ ಹಬ್ಬದಲ್ಲಿ ಮೇಣದಬತ್ತಿ, ಹೂವು ಮಾರುವವರನ್ನೂ ಕೊಳ್ಳುವವರನ್ನೂ ನೋಡಿದರೆ ಯಾರು ಯಾವ ಮತದವರೆಂದು ಹೇಳಲು ಸಾಧ್ಯವಾಗದು.

ನನ್ನ ಪೆಟ್ಟಿಗೆ ಘಟಕಕ್ಕೂ ಇದೇ ಮಾತು ಸಲ್ಲುತ್ತದೆ. ಹಿಂದೂ ಹಬ್ಬಗಳ ಪೆಟ್ಟಿಗೆ ಮಾತ್ರ ತಯಾರಿಸುತ್ತಿದ್ದರೆ ಫಾಲ್ಗುಣದಿಂದ ಆಷಾಢದವರೆಗೆ ನನ್ನ ಯಂತ್ರಗಳು ಹೆಚ್ಚು ದಿನ ಸುಮ್ಮನಿರುತ್ತಿದ್ದವು. ಖರ್ಜೂರದ ಪೆಟ್ಟಿಗೆ ಮತ್ತು ಕೇಕಿನ ಪೆಟ್ಟಿಗೆಗಳೇ ಕಾಯಂ ಕೆಲಸಗಾರರ ಸಂಬಳವನ್ನು ಹನ್ನೆರಡು ತಿಂಗಳೂ ಹೊರುವಂತೆ ಮಾಡಿವೆ. ಬಹುಸಂಸ್ಕೃತಿಯ ದೇಶದಲ್ಲಿ ವಾಸಿಸುವುದರಿಂದ ಸಣ್ಣ ತಯಾರಕನಿಗೆ ದೊರೆಯುವ ಅತಿ ದೊಡ್ಡ ಅನುಕೂಲವೇ ಇದು: ಬೇಡಿಕೆಯು ಒಂದು ತಿಂಗಳಿಗೆ ಗಂಟುಬೀಳದೆ ವರ್ಷದ ಮೇಲೆ ಹರಡಿಕೊಳ್ಳುತ್ತದೆ.

ಹಬ್ಬದ ಹೊಸ್ತಿಲಲ್ಲಿ ಬದಲಾಗುವ ನಿಯಮ

ಹಬ್ಬದ ಸರಕಿಗೆ ಒಂದು ವಿಶೇಷ ಅಪಾಯವಿದೆ. ದಿನ ಕಳೆದರೆ ಅದಕ್ಕೆ ಬೆಲೆಯಿಲ್ಲ. ನಿಯಮವು ಹಬ್ಬದ ಹಿಂದೆಮುಂದೆ ಬದಲಾದರೆ, ತಯಾರಾದ ಮಾಲನ್ನು ಬೇರೆ ಕಡೆ ಮಾರಲು ಸಮಯವೂ ಇರುವುದಿಲ್ಲ.

ಪಟಾಕಿಯ ಪ್ರಕರಣವನ್ನು ನೆನೆಯೋಣ. ದೇಶದ ಪಟಾಕಿಯ ಬಹುಪಾಲು ತಮಿಳುನಾಡಿನ ಶಿವಕಾಶಿಯಿಂದ ಬರುತ್ತದೆ. 2018ರ ಅಕ್ಟೋಬರ್ 23ರಂದು ಸರ್ವೋಚ್ಚ ನ್ಯಾಯಾಲಯವು ಬೇರಿಯಂ ಲವಣ ಬಳಸಿದ ಪಟಾಕಿಗಳನ್ನೂ ಸರ ಪಟಾಕಿಯನ್ನೂ ನಿಷೇಧಿಸಿ, ಕಡಿಮೆ ಹೊಗೆಯ ಹಸಿರು ಪಟಾಕಿಗೆ ಮಾತ್ರ ಅವಕಾಶವಿತ್ತಿತು. ದೀಪಾವಳಿಗೆ ಆಗ ಉಳಿದಿದ್ದುದು ಎರಡೇ ವಾರ. ಜನರ ಆರೋಗ್ಯದ ದೃಷ್ಟಿಯಿಂದ ಆ ಆದೇಶದ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವರ್ಷದ ಉತ್ಪಾದನೆಯೆಲ್ಲ ಅಷ್ಟರಲ್ಲಿ ಮುಗಿದು, ಊರೂರಿನ ಅಂಗಡಿಗಳಿಗೆ ಹೊರಟುಹೋಗಿತ್ತು.

ನಿಯಮವನ್ನು ಅಲಕ್ಷಿಸಿದರೆ ಆಗುವ ಅನಾಹುತವು ಹಣದ ನಷ್ಟಕ್ಕಿಂತ ಎಷ್ಟೋ ಮಿಗಿಲಾದುದು. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಯುವಕರು. ಹಂಗಾಮಿನ ಅವಸರದಲ್ಲಿ ಸುರಕ್ಷತೆಯನ್ನು ‘ಹಬ್ಬ ಮುಗಿದ ಮೇಲೆ ನೋಡೋಣ’ ಎಂದು ಮುಂದಕ್ಕೆ ಹಾಕುವ ಅಭ್ಯಾಸ ಎಲ್ಲ ಉದ್ಯಮಗಳಲ್ಲಿಯೂ ಇದೆ. ಗೋದಾಮಿನ ಎರಡನೆಯ ಬಾಗಿಲಿಗೆ ಸರಕು ಅಡ್ಡವಿಡುವ ಪ್ರತಿಯೊಬ್ಬ ಸದಸ್ಯನೂ ಈ ದುರಂತವನ್ನು ನೆನಪಿಟ್ಟುಕೊಳ್ಳಬೇಕು.

ಗಣೇಶ ಮೂರ್ತಿಗಳ ವಿಷಯದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿ ಮಾರ್ಗಸೂಚಿ ಹೊರಡಿಸಿ, 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಕೆಯನ್ನು ನಿಷೇಧಿಸಿತು. ಇದರಿಂದ ಅಚ್ಚಿನಲ್ಲಿ ಎರಕ ಹೊಯ್ದು ಸಾವಿರಗಟ್ಟಲೆ ಮಾಡುತ್ತಿದ್ದವರಿಗೆ ತೊಂದರೆಯಾಯಿತು. ಕೆರೆಯ ಜೇಡಿಮಣ್ಣಿನಿಂದ ಮಾಡುವ ಕುಂಬಾರರಿಗೆ ಹಳೆಯ ಮಾರುಕಟ್ಟೆ ಮರಳಿ ದೊರೆಯುವ ಅವಕಾಶವಾಯಿತು. ಆಟಿಕೆಗಳಿಗೆ 2021ರ ಜನವರಿ 1ರಿಂದ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂದಾಗ, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಉತ್ಪನ್ನಗಳಿಗೂ ವಿನಾಯಿತಿ ನೀಡಲಾಯಿತು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕವಿದ್ದುದು ಅಲ್ಲಿಯವರಿಗೆ ಆಗ ನೆರವಿಗೆ ಬಂದಿತು. ನೋಂದಣಿಯ ಕಾಗದವನ್ನು ನಿರರ್ಥಕವೆಂದು ಬಗೆಯುವವರು ಗಮನಿಸಬೇಕಾದ ಸಂಗತಿ ಇದು.

ರಾಷ್ಟ್ರೀಯ ಹಬ್ಬಗಳೂ ಇದಕ್ಕೆ ಹೊರತಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೊದ ಪ್ರಮಾಣಪತ್ರದೊಡನೆ ರಾಷ್ಟ್ರಧ್ವಜ ತಯಾರಿಸುವುದಕ್ಕೆ ಹೆಸರಾದುದು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಯನ್ನು ತಿದ್ದುಪಡಿ ಮಾಡಿ ಯಂತ್ರನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ನೀಡಿದಾಗ, 2022ರ ಆಗಸ್ಟ್‌ನಲ್ಲಿ ಮನೆಮನೆಗೆ ಧ್ವಜ ಮುಟ್ಟಿದುದು ನಿಜ; ನೂಲುವ, ನೇಯುವ ಖಾದಿಯವರು ತಮ್ಮ ಜೀವನೋಪಾಯಕ್ಕೆ ಧಕ್ಕೆಯಾಯಿತೆಂದು ಆಕ್ಷೇಪಿಸಿದುದೂ ನಿಜ. ಅಗ್ಗದ ಸರಕು ಮತ್ತು ಕೈಕೆಲಸ ಇವೆರಡರ ನಡುವಣ ಈ ತಿಕ್ಕಾಟ ಪ್ರತಿಯೊಂದು ಹಬ್ಬದ ಮಾರುಕಟ್ಟೆಯಲ್ಲಿಯೂ ಇದೆ.

ತೆರಿಗೆಯ ಉದಾಹರಣೆ 2025ರದು. ಸರಕು ಮತ್ತು ಸೇವಾ ತೆರಿಗೆಯ ದರಗಳಲ್ಲಿ ಬದಲಾವಣೆ ಬರುವುದೆಂದು ಆಗಸ್ಟ್ 15ರಂದು ಪ್ರಧಾನಿಯವರು ಘೋಷಿಸಿದರು. ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿತು. ನವರಾತ್ರಿಯ ಮೊದಲ ದಿನವಾದ ಸೆಪ್ಟೆಂಬರ್ 22ರಿಂದ ಹೊಸ ದರಗಳು ಜಾರಿಗೆ ಬಂದವು. ಶೇ. 12 ಮತ್ತು ಶೇ. 28ರ ಹಂತಗಳು ಹೋಗಿ ಮುಖ್ಯವಾಗಿ ಶೇ. 5 ಮತ್ತು ಶೇ. 18 ಉಳಿದವು. ನವರಾತ್ರಿ, ದೀಪಾವಳಿಯ ವರ್ತಕರಿಗೆ ಇದು ಹರ್ಷದ ಸುದ್ದಿ. ಆದರೆ ಆಗಸ್ಟ್ 27ರ ಗಣೇಶ ಚತುರ್ಥಿ ಮತ್ತು ಸೆಪ್ಟೆಂಬರ್ 5ರ ಓಣಂ ನಡುವೆ ಸಿಲುಕಿದವು. ‘ಇನ್ನೆರಡು ವಾರ ತಡೆದರೆ ಬೆಲೆ ಇಳಿಯುತ್ತದೆ’ ಎಂದು ಗಿರಾಕಿ ಹೇಳಿದರೆ ವರ್ತಕನು ಏನು ಉತ್ತರ ಕೊಟ್ಟಾನು?

ಉದ್ದರಿ, ಬೋನಸ್ ಮತ್ತು ರಜೆ

ಹಬ್ಬದ ಮಾಲು ಉದ್ದರಿಯ ಮೇಲೆ ಹೋಗುತ್ತದೆ. ಹಣ ಹಬ್ಬ ಮುಗಿದ ಮೇಲೆ ನಿಧಾನವಾಗಿ ಬರುತ್ತದೆ. ತಯಾರಕನ ಕಚ್ಚಾ ಸಾಮಗ್ರಿಯ ಖರ್ಚು ಹಬ್ಬಕ್ಕೆ ಮೂರು ತಿಂಗಳ ಮುಂಚೆ, ಕೂಲಿಯ ಖರ್ಚು ಎರಡು ತಿಂಗಳ ಮುಂಚೆ, ವಸೂಲಿ ಎರಡು ತಿಂಗಳ ನಂತರ. ಈ ಐದು ತಿಂಗಳ ಭಾರವನ್ನು ಸಣ್ಣ ಘಟಕವೇ ಹೊರುತ್ತದೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಕ್ಕೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ ಮಾಸಿಕ ಚಕ್ರಬಡ್ಡಿ ಸಲ್ಲುತ್ತದೆ. 2023ರ ಹಣಕಾಸು ಕಾಯ್ದೆಯು, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಕೊಳ್ಳುಗನಿಗೆ ಆ ಖರ್ಚಿನ ಆದಾಯ ತೆರಿಗೆ ಕಡಿತವು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ದೊರೆಯುವಂತೆ 2024–25ರ ಕರನಿರ್ಧಾರಣಾ ವರ್ಷದಿಂದ ನಿಯಮ ತಂದಿತು. ಉದ್ಯಮ್ ನೋಂದಣಿ ಮಾಡಿಸಿ ಬಿಲ್ಲಿನ ಮೇಲೆ ಅದರ ಸಂಖ್ಯೆಯನ್ನು ಮುದ್ರಿಸುವುದು ತಯಾರಕ ಸದಸ್ಯರಿಗೆ ಆದ್ದರಿಂದ ಬಹು ಮುಖ್ಯ. ಬರಿಯ ಖರೀದಿ-ಮಾರಾಟದ ವರ್ತಕರಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರವೆಂಬುದನ್ನೂ ತಿಳಿದಿರಬೇಕು.

ಕೆಲಸಗಾರರ ಕಡೆಯಿಂದಲೂ ಹಬ್ಬವನ್ನು ನೋಡಬೇಕು. 1965ರ ಬೋನಸ್ ಪಾವತಿ ಕಾಯ್ದೆಯ ಕನಿಷ್ಠ ಶೇ. 8.33, ಗರಿಷ್ಠ ಶೇ. 20ರ ಮಿತಿಗಳನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ದಸರಾ, ದೀಪಾವಳಿಗೆ ಬೋನಸ್ ಕೊಡುವುದು ರೂಢಿ. ಆದರೆ ಈದ್ ಆಚರಿಸುವ, ಕ್ರಿಸ್ಮಸ್ ಆಚರಿಸುವ ಕೆಲಸಗಾರನಿಗೆ ಅವನ ಹಬ್ಬಕ್ಕೆ ಮುಂಗಡವನ್ನಾದರೂ ಕೊಡುವ ಪದ್ಧತಿಯನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಇದರಿಂದ ನನ್ನ ಕೈಯಿಂದ ಒಂದು ರೂಪಾಯಿಯೂ ಹೆಚ್ಚು ಹೋಗಿಲ್ಲ. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಇಳಿದಿದೆ.

1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವುಗಳ ಜೊತೆಗೆ ಇತರ ಐದು ಹಬ್ಬದ ರಜೆಗಳಿಗೆ ಅವಕಾಶ ಮಾಡಿದೆ. ಈ ಐದನ್ನು ಮಾಲೀಕನು ತನ್ನ ಮನೆಯ ರೂಢಿಯಂತೆ ಗುರುತು ಹಾಕಿ ಗೋಡೆಗೆ ಅಂಟಿಸುವುದೇ ಹೆಚ್ಚು. ಕೆಲಸಗಾರರನ್ನು ಕೂರಿಸಿಕೊಂಡು ಪಟ್ಟಿ ಮಾಡಿದರೆ ಒಬ್ಬರ ಹಬ್ಬದಂದು ಮತ್ತೊಬ್ಬರು ಯಂತ್ರ ನಡೆಸುವ ಏರ್ಪಾಟು ತಾನಾಗಿಯೇ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಬಕ್ರೀದ್ ದಿನದ ಪಾಳಿಯನ್ನು ಹಿಂದೂ ಕೆಲಸಗಾರರೂ, ಆಯುಧಪೂಜೆಯ ಮರುದಿನದ ಪಾಳಿಯನ್ನು ಮುಸ್ಲಿಂ ಕೆಲಸಗಾರರೂ ತಾವಾಗಿಯೇ ಕೇಳಿ ಪಡೆಯುತ್ತಾರೆ.

ವಿಶ್ವಾಸವೆಂಬ ಬಂಡವಾಳ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. ಅಂದು ಯುಗಾದಿ. ಏಪ್ರಿಲ್ 12ರ ಈಸ್ಟರ್, ಮೇ ಕೊನೆಯ ವಾರದ ಈದ್ ಎರಡೂ ಅದೇ ಅವಧಿಯಲ್ಲಿ ಕಳೆದುಹೋದವು. ಮೂರು ಸಮುದಾಯಗಳ ಹಬ್ಬದ ಸರಕು ಒಂದೇ ಗೋದಾಮಿನಲ್ಲಿ ಕೊಳೆತಾಗ, ಯಾರ ಹಬ್ಬ ನಿಂತರೂ ನಷ್ಟ ಎಲ್ಲರದೂ ಎಂಬುದನ್ನು ನಾವು ಕಣ್ಣಾರೆ ಕಂಡೆವು.

ಆದರೂ 2022ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿಯೂ ಇತರ ಕೆಲವೆಡೆಗಳಲ್ಲಿಯೂ ಜಾತ್ರೆಗಳಲ್ಲಿ ಅನ್ಯಧರ್ಮೀಯರಿಗೆ ಅಂಗಡಿ ಹಾಕಲು ಅವಕಾಶವಿಲ್ಲವೆಂಬ ಫಲಕಗಳು ಕಾಣಿಸಿಕೊಂಡವು. ಧಾರ್ಮಿಕ ದತ್ತಿ ಕಾನೂನಿನ 2002ರ ನಿಯಮಗಳಲ್ಲಿ ಸಂಸ್ಥೆಯ ಸಮೀಪದ ಸ್ವತ್ತನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವುದರ ಕುರಿತಾದ ಅಂಶವನ್ನು ಆಗ ಉಲ್ಲೇಖಿಸಲಾಯಿತು. ಆ ನಿಯಮದ ಅರ್ಥವ್ಯಾಪ್ತಿಯನ್ನು ಕಾನೂನು ಬಲ್ಲವರು ಚರ್ಚಿಸಲಿ. ವರ್ತಕರಾದ ನಾವು ನಮ್ಮ ಕಡೆಯಿಂದ ಒಂದು ಮಾತು ಹೇಳಬೇಕಾಗಿದೆ. ಜಾತ್ರೆಯಿಂದ ಜಾತ್ರೆಗೆ ಹೋಗುವ ಬಳೆಯವನು, ಆಟಿಕೆಯವನು, ಬತ್ತಾಸಿನವನು ಮಾಲನ್ನು ಸಗಟು ಅಂಗಡಿಯಿಂದ ಉದ್ದರಿ ಒಯ್ದಿರುತ್ತಾನೆ. ಅವನ ಅಂಗಡಿ ಎದ್ದುಹೋದರೆ ಆ ಉದ್ದರಿ ನಿಲ್ಲುವುದು ಸಗಟು ವರ್ತಕನ ಖಾತೆಯಲ್ಲಿ. ಅವನು ಯಾವ ಧರ್ಮದವನೇ ಆಗಿರಲಿ. ನನ್ನ ಬೀದಿಯ ಒಬ್ಬ ಸಗಟು ವರ್ತಕರು ಆ ವರ್ಷ ಮೂವರು ಹಳೆಯ ಬಳೆ ವ್ಯಾಪಾರಿಗಳ ಬಾಕಿಯನ್ನು ಮುಂದಿನ ವರ್ಷಕ್ಕೆ ಬರೆದುಕೊಂಡರು. ‘ಮೂವತ್ತು ವರ್ಷದಿಂದ ಒಂದು ಕಾಸು ತಪ್ಪಿಸದವರು, ನಾನು ಹೇಗೆ ಕೇಳಲಿ?’ ಎಂಬುದು ಅವರ ಮಾತು. ಆ ಬಾಕಿ ತೀರಿತು. ಆದರೆ ಮೂವರಲ್ಲಿ ಒಬ್ಬರು ಜಾತ್ರೆಯ ವ್ಯಾಪಾರವನ್ನೇ ಬಿಟ್ಟು ಆಟೊ ಓಡಿಸತೊಡಗಿದರು. ಸಗಟು ವರ್ತಕರಿಗೆ ಒಬ್ಬ ನಂಬಿಕೆಯ ಗಿರಾಕಿ ಕಡಿಮೆಯಾದರು.

ಬೆಂಗಳೂರಿನ ಕರಗವು ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟು, ಹಳೆಯ ಪೇಟೆಗಳಲ್ಲಿ ಸಾಗಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಡುತ್ತದೆ. ಕಲಬುರಗಿಯ ಬಂದೇ ನವಾಜ್ ಉರುಸಿಗೂ, ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂಗೂ ಹಿಂದೂಗಳು ಹೋಗುತ್ತಾರೆ. ಈ ಹಾದಿಗಳ ಇಕ್ಕೆಲದಲ್ಲಿಯೇ ನಮ್ಮ ಹಳೆಯ ಪೇಟೆಗಳು ಬೆಳೆದು ಬಂದಿವೆ.

ಸದಸ್ಯರ ಪರಿಶೀಲನೆಗೆ

ಕೊನೆಯದಾಗಿ ನಾಲ್ಕು ಸಲಹೆಗಳನ್ನು ಸದಸ್ಯರ ಮುಂದಿಡುತ್ತೇನೆ. ಮೊದಲನೆಯದಾಗಿ, ಎಲ್ಲ ಸಮುದಾಯಗಳ ಮುಂದಿನ ಮೂರು ವರ್ಷದ ಹಬ್ಬದ ದಿನಗಳನ್ನು, ಅಧಿಕ ಮಾಸವನ್ನೂ ಚಂದ್ರದರ್ಶನದ ಒಂದು ದಿನದ ವ್ಯತ್ಯಾಸವನ್ನೂ ಗುರುತಿಸಿ, ಒಂದೇ ಹಾಳೆಯಲ್ಲಿ ಮುದ್ರಿಸಿ ವರ್ಷಾರಂಭದಲ್ಲಿ ಸದಸ್ಯರಿಗೆ ಹಂಚುವ ಕೆಲಸವನ್ನು ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಕೈಗೊಳ್ಳಬೇಕು. ಎರಡನೆಯದಾಗಿ, ದುಡಿಯುವ ಬಂಡವಾಳದ ಮಿತಿಯನ್ನು ವರ್ಷಕ್ಕೊಮ್ಮೆ ಸರಾಸರಿಯಾಗಿ ನಿಗದಿಪಡಿಸದೆ, ಹಬ್ಬಕ್ಕೆ ನಾಲ್ಕು ತಿಂಗಳ ಮುಂಚೆ ಹೆಚ್ಚಿಸಿ ನಂತರ ಇಳಿಸುವ ಹಂಗಾಮಿ ಮಿತಿಗಾಗಿ ಬ್ಯಾಂಕುಗಳೊಡನೆ ಒಟ್ಟಾಗಿ ಮಾತನಾಡಬೇಕು. ಮೂರನೆಯದಾಗಿ, ಹಬ್ಬದ ಸರಕಿನ ಮೇಲಿನ ನಿಯಮ ಬದಲಾವಣೆಗಳನ್ನು ಕನಿಷ್ಠ ಒಂದು ಉತ್ಪಾದನಾ ಹಂಗಾಮಿನಷ್ಟು ಮುಂಚಿತವಾಗಿ ಪ್ರಕಟಿಸುವಂತೆ ಸರ್ಕಾರಕ್ಕೆ ಮನವಿ ಸಲ್ಲಿಸಬೇಕು. ನಾಲ್ಕನೆಯದಾಗಿ, ಯಾವ ಹಬ್ಬದ ಮಾರುಕಟ್ಟೆಯಲ್ಲಿಯೂ ವ್ಯಾಪಾರಿಯ ಅರ್ಹತೆಯನ್ನು ಅವನ ಸರಕು, ತೂಕ ಮತ್ತು ಮಾತಿನಿಂದ ಮಾತ್ರ ಅಳೆಯಬೇಕೆಂಬ ನಿಲುವನ್ನು ಸಂಸ್ಥೆಯು ದಾಖಲಿಸಬೇಕು.

ನನ್ನ ಕಾರ್ಖಾನೆಯ ಗೋಡೆಯ ಮೇಲೆ ಈಗ ಒಂದು ದೊಡ್ಡ ಹಾಳೆಯಿದೆ. ಅದರ ಹಿಂದೂ ಹಬ್ಬಗಳ ಸಾಲನ್ನು ನಾನು ಪಂಚಾಂಗ ನೋಡಿ ತುಂಬುತ್ತೇನೆ. ಹಿಜರಿ ತಿಂಗಳ ಸಾಲನ್ನು ಡೈ ಕತ್ತರಿಸುವ ಯಂತ್ರದ ಹಿರಿಯ ಕೆಲಸಗಾರರು ತುಂಬುತ್ತಾರೆ. ಈಸ್ಟರ್‌ನ ದಿನವನ್ನು ಲೆಕ್ಕಪತ್ರ ನೋಡುವ ಹೆಣ್ಣುಮಗಳು ಬರೆಯುತ್ತಾಳೆ. ಹಾಳೆ ಗೋಡೆಗೆ ಏರಿದ ಮೇಲೆ ಮಾಲು ಗೋದಾಮಿನಲ್ಲಿ ಕುಳಿತಿಲ್ಲ.